ಗೀರು ಬಿದ್ದ ಸಿಡಿ ಒಗೀಬ್ಯಾಡ್ರಿ
ಧಾರವಾಡದ ನಮ್ಮ ಮನ್ಯಾಗ ಅಕ್ಕನ ಮದುವಿ ಸಿಡಿ ಎಷ್ಟೋ ವರ್ಷ ಟ್ರಂಕಿನ್ಯಾಗ ಬಿದ್ದಿತ್ತು. ಮೊನ್ನೆ ಹಾಕಿದ್ರ, ಅಕ್ಕಿಕಾಳು ಬೀಳೋ ಹೊತ್ತಿಗೇ ನಿಂತುಬಿಡ್ತು. ಅವ್ವನ ಮುಖ ಸಣ್ಣದಾತು.

ನಿಮ್ಮಲ್ಲೂ ಇಂಥಾವು ಇದ್ರ, ಮೊದಲ ಟ್ಯೂಬ್‌ಲೈಟಿಗೆ ಹಿಡದು ನೋಡ್ರಿ. ಸೂಜಿ ಚುಚ್ಚಿದಂಗ ಬೆಳಕು ತೂರಿ ಬಂದ್ರ ಹೆಸರು ಬರೆಯೋ ಕಡೆ ಪದರ ಕಿತ್ತೈತಿ ಅಂತ ತಿಳೀರಿ. ಸಿಡಿಯೊಳಗ ಮಾಹಿತಿ ಇರೋದು ಆ ಮಗ್ಗಲಕ್ಕ, ಅದು ರಿಪೇರಿ ಆಗೂದಿಲ್ಲ. ಗೀರು ಹೊಳಿಯೋ ಕಡೆ ಇದ್ರ ಆಶಾ ಐತಿ, 1.2 ಮಿ.ಮೀ. ದಪ್ಪದಾಗ ಹೆಚ್ಚಿನ ಪಾಲು ಬರೇ ಪಾರದರ್ಶಕ ಪ್ಲಾಸ್ಟಿಕ್ಕು.

ಸೋಪಿನ ನೀರಾಗ ತೊಳೀರಿ. ಧೂಳಿನ ಮ್ಯಾಲೆ ಉಜ್ಜಿದ್ರ ಹೊಸಾ ಗೀರು ಬೀಳತಾವ. ಆಮ್ಯಾಲೆ ಬಿಳಿ ಟೂತ್‌ಪೇಸ್ಟ್ (ಜೆಲ್ ಬ್ಯಾಡ) ಕಡ್ಲಿಕಾಳಿನಷ್ಟು ಹಚ್ಚಿ, ಹಳೇ ಧೋತರದ ಮೆತ್ತನ್ನ ಅರಿವೀಲೆ ನಡುವಿನ ತೂತಿನಿಂದ ಅಂಚಿಗೆ ನೆಟ್ಟಗ ಎಳೀರಿ. ಬೀಸೂಕಲ್ಲು ತಿರುವಿದಂಗ ಗುಂಡಗ ಮಾತ್ರ ತಿರುವಬ್ಯಾಡ್ರಿ. ಮಾಹಿತಿ ಸುರುಳಿಯಾಗಿ ಕೂತಿರತೈತಿ, ಆ ದಾರಿಗುಂಟ ಗೀರು ಬಿದ್ರ ಪ್ಲೇಯರಿಗೆ ಓದಾಕ ಇನ್ನೂ ಕಷ್ಟ. ತೊಳದು ನೆರಳಾಗ ಒಣಗಿಸ್ರಿ.

ನಮ್ಮದಕ್ಕ ಮೂರು ಸಲ ಹಿಂಗ ಮಾಡಬೇಕಾತು. ಓಡಿದ ಕೂಡ್ಲೇ ಪೆನ್‌ಡ್ರೈವಿಗೆ ಕಾಪಿ ಮಾಡಿ ಇಟ್ಟೀನಿ, ನೀವೂ ಅದನ್ನ ಮರೀಬ್ಯಾಡ್ರಿ.