ಎಲ್‌ಟಿಸಿಸಿ ಪೇಸ್ಟಿಗೆ ಬೆಳ್ಳಿ ಪುಡಿ: ಭೋಸರಿಯ ಶೆಡ್ಡಿನಲ್ಲಿ ನನ್ನ ಅನುಭವ

ಎಲ್‌ಟಿಸಿಸಿ ಟೇಪಿನ ಮೇಲೆ, ಅಂದರೆ ಕಡಿಮೆ ತಾಪದಲ್ಲಿ ಲೋಹದ ಗೆರೆಗಳೊಡನೆ ಒಟ್ಟಿಗೆ ಬೇಯಿಸುವ ಸೆರಾಮಿಕ್ ಹಾಳೆಯ ಮೇಲೆ, ಅಚ್ಚೊತ್ತುವ ಪೇಸ್ಟಿಗೆ ಬೆಳ್ಳಿ ಪುಡಿ ಎಷ್ಟು ನುಣ್ಣಗಿದ್ದರೆ ಅಷ್ಟು ಮೇಲೆಂದು ಪುಣೆಯ ನನ್ನ ವೃತ್ತಿಬಾಂಧವರಲ್ಲಿ ಹೆಚ್ಚಿನವರು ನಂಬಿದ್ದರು. ಒಂದೂವರೆ ಮೈಕ್ರಾನಿನ ದುಂಡು, ಗಟ್ಟಿ ಕಣವೇ ಬೇಕೆಂದು ನಾನು ವಾದಿಸಿದಾಗ ಖರೀದಿದಾರರೊಬ್ಬರು ಮಾದರಿಯ ಡಬ್ಬಿಯನ್ನು ತೆರೆಯದೆಯೇ ಹಿಂತಿರುಗಿಸಿದ್ದರು. ಈಗ ಅದೇ ಪುಡಿ ಎಂಟು ಪದರಗಳ ಎಲೆಕ್ಟ್ರಾನಿಕ್ ಪ್ಯಾಕೇಜಿನಲ್ಲಿ ಬಾಗದೆ ಬೆಂದು ಬರುತ್ತಿದೆ.

ಅರ್ಧ ಮೈಕ್ರಾನಿಗಿಂತ ಸಣ್ಣ ಪುಡಿ ನಾನೂರು ಡಿಗ್ರಿಯ ಆಸುಪಾಸಿನಲ್ಲೇ ಕುಗ್ಗತೊಡಗುತ್ತದೆ. ಟೇಪಿನೊಳಗಿನ ಗಾಜು ಮೆತ್ತಗಾಗಿ ಕುಗ್ಗುವುದು ಏಳುನೂರರ ಹತ್ತಿರ. ಹೀಗಾಗಿ 850 ಡಿಗ್ರಿ ಮುಟ್ಟುವಷ್ಟರಲ್ಲಿ ಅಚ್ಚೊತ್ತಿದ ಟೇಪಿನ ತಟ್ಟೆಗಳು ಎಣ್ಣೆಗೆ ಬಿದ್ದ ಹಪ್ಪಳದಂತೆ ಮುರುಟಿರುತ್ತಿದ್ದವು. ತಾಪವನ್ನು ನಿಧಾನವಾಗಿ ಏರಿಸಿದರೂ ಫಲ ಸಿಗಲಿಲ್ಲ. ಗಾಜಿನ ಪುಡಿ ಹೆಚ್ಚಿಸಿದಾಗ ಬಾಗು ಇಳಿಯಿತು, ಆದರೆ ರೋಧ ಏರಿತು, ಬೆಸುಗೆಯೂ ಹಿಡಿಯಲಿಲ್ಲ. ಪಲ್ಲಾಡಿಯಂ ಸೇರಿಸಿದರೆ ಕುಗ್ಗುವಿಕೆ ತಡವಾಗುವುದು ನಿಜ, ಆದರೆ ಆ ಬೆಲೆ ನನ್ನಂಥ ಸಣ್ಣ ಘಟಕಕ್ಕೆ ಎಟುಕುವಂಥದ್ದಲ್ಲ. ಕೆಟ್ಟ ಬ್ಯಾಚಿನ ಲೋಹ ಪೂರ್ತಿ ನಷ್ಟವಾಗುವುದಿಲ್ಲವಾದರೂ, ಅದನ್ನು ಮತ್ತೆ ಶುದ್ಧ ಮಾಡಿಸುವ ಕೂಲಿ, ನೈಟ್ರಿಕ್ ಆಮ್ಲ ಮತ್ತು ಸಾಲದ ಬಡ್ಡಿ ಸೇರಿ ಆ ವರ್ಷ ಸುಮಾರು ನಾಲ್ಕು ಲಕ್ಷ ರೂಪಾಯಿ ಕರಗಿತು.

ಕೊನೆಗೆ ಒಗ್ಗಿದ್ದು ಸಿಲ್ವರ್ ನೈಟ್ರೇಟ್, ಆಸ್ಕಾರ್ಬಿಕ್ ಆಮ್ಲ ಮತ್ತು ಅರೇಬಿಕ್ ಗೋಂದಿನ ಹಳೆಯ ದಾರಿಯೇ. ದ್ರಾವಣವನ್ನು ಆಮ್ಲೀಯವಾಗಿಟ್ಟು, ಮೊದಲು ಸ್ವಲ್ಪ ಬೀಜಕಣ ಹುಟ್ಟಿಸಿ, ಉಳಿದ ಬೆಳ್ಳಿ ಹೊಸ ಕಣಗಳಾಗದೆ ಅವುಗಳ ಮೇಲೆಯೇ ಕೂರುವಂತೆ ಎರಡನೆಯ ಧಾರೆಯನ್ನು ಬಿಡುತ್ತೇನೆ. ಆ ಧಾರೆಯ ವೇಗ ಮತ್ತು ಗೋಂದಿನ ಅಳತೆ ನನ್ನ ಹೊಟ್ಟೆಪಾಡಾದ್ದರಿಂದ ಇಲ್ಲಿ ಬರೆಯಲಾರೆ. ಟ್ಯಾಪ್ ಸಾಂದ್ರತೆ, ಅಂದರೆ ತಟ್ಟಿ ಕೂರಿಸಿದ ಪುಡಿಯ ಸಾಂದ್ರತೆ, ಘನ ಸೆಂಟಿಮೀಟರಿಗೆ ಎರಡೂವರೆ ಗ್ರಾಂನಿಂದ ನಾಲ್ಕೂವರೆಗೆ ಏರಿದ ದಿನವೇ ದಾರಿ ಸರಿಯಿದೆಯೆಂದು ನನಗೆ ಖಚಿತವಾಯಿತು. ಕಿಲೋ ನೈಟ್ರೇಟಿನಲ್ಲಿರುವ 635 ಗ್ರಾಂ ಬೆಳ್ಳಿಯಲ್ಲಿ 620ರಷ್ಟು ಕೈಗೆ ಬರುತ್ತದೆ. ತೊಳೆದ ನೀರಿಗೆ ಉಪ್ಪು ಹಾಕಿ ಉಳಿದದ್ದನ್ನೂ ಕ್ಲೋರೈಡಾಗಿ ಹಿಡಿಯುತ್ತೇನೆ.

ನಡುವೆ ಅಮೋನಿಯಾ ಬೆರೆಸಿದ ದ್ರಾವಣವನ್ನೂ ಪರೀಕ್ಷಿಸಿದ್ದೆ. ಪುಡಿ ಸೊಗಸಾಗಿ ಬಂದರೂ, ಆ ದ್ರಾವಣವನ್ನು ಇಟ್ಟರೆ ಸಿಡಿಯುವ ಗಷ್ಟು ಕೂರುವುದರಿಂದ ಕೈಬಿಟ್ಟೆ. ನೀವೂ ಅದನ್ನು ರಾತ್ರಿಯಿಡೀ ಇಡಬೇಡಿ. ತಾಮ್ರದ ಪುಡಿಯನ್ನೂ ಮಾಡಿ ನೋಡಿದೆ, ಆದರೆ ತಾಮ್ರ ಗಾಳಿಯಲ್ಲಿ ಆಕ್ಸೈಡಾಗದಂತೆ ಬಳಸಬೇಕಾದ ನೈಟ್ರೋಜನ್ ಕುಲುಮೆಯಲ್ಲಿ ಟೇಪಿನ ಅಂಟು ಪೂರ್ತಿ ಸುಡದೆ ಇಂಗಾಲ ಉಳಿಯುತ್ತದೆ.

ಸುಟ್ಟ ಮೇಲೆ ಹತ್ತು ಮೈಕ್ರಾನ್ ದಪ್ಪದ ಗೆರೆಯ ರೋಧ ಚದರಕ್ಕೆ ಎರಡೂವರೆ ಮಿಲಿಓಮಿನ ಸುತ್ತ ನಿಲ್ಲುತ್ತಿದೆ. ಡಬ್ಬಿ ತೆರೆಯದಿದ್ದ ಆ ಖರೀದಿದಾರರು ಕಳೆದ ತಿಂಗಳು ಎರಡು ಕಿಲೋಗೆ ಮುಂಗಡ ಕೊಟ್ಟಿದ್ದಾರೆ.