ಲಲಿತಾ ಪವಾರ್ ಅವರನ್ನು ನೋಡಿ ನಾನು ಮಂಥರೆ ಮಾಡಿದ್ದು

ಮಂಥರೆ ಪಾರ್ಟು ಮಾಡ್ತೀಯೇನಮ್ಮಾ ಅಂತ ಹಾರ್ಮೋನಿಯಂ ಮೇಷ್ಟ್ರು ಫೋನ್ ಮಾಡಿ ಕೇಳಿದಾಗ ನಾನು ಎರಡು ದಿನ ಉತ್ತರ ಕೊಡಲಿಲ್ಲ. ಹದಿನೆಂಟು ವರ್ಷ ಸೀತೆ ಮಾಡಿದವಳು ನಾನು. ತುಮಕೂರು, ಮಂಡ್ಯ ಕಡೆ ಹಳ್ಳಿಗಳಲ್ಲಿ ಹಬ್ಬ, ಜಾತ್ರೆ ಬಂತು ಅಂದರೆ ಪೌರಾಣಿಕ ನಾಟಕ ಇದ್ದೇ ಇರುತ್ತೆ. ಗಂಡು ಪಾರ್ಟುಗಳನ್ನು ಊರಿನವರೇ ದುಡ್ಡು ಹಾಕಿಕೊಂಡು ಮಾಡುತ್ತಾರೆ, ಹೆಣ್ಣು ಪಾರ್ಟುಗಳಿಗೆ ನಮ್ಮಂಥವರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ವಯಸ್ಸಾದ ಹಾಗೆ ಸೀತೆ ಹೋಗಿ ಕೈಕೇಯಿ ಬರುತ್ತೆ, ದ್ರೌಪದಿ ಹೋಗಿ ಕುಂತಿ ಬರುತ್ತೆ. ಅದಕ್ಕೆ ನಾನು ಯಾವತ್ತೂ ಬೇಜಾರು ಮಾಡಿಕೊಂಡಿಲ್ಲ. ಆದರೆ ಮಂಥರೆ ಅಂದರೆ ನಮ್ಮ ಕಡೆ ನಗಿಸುವ ಪಾರ್ಟು. ಬೆನ್ನಿಗೆ ದಿಂಬು ಕಟ್ಟಿಕೊಂಡು, ಹಲ್ಲಿಗೆ ಕಪ್ಪು ಬಳಿದುಕೊಂಡು, ಕೋಲು ಊರಿಕೊಂಡು ಬಂದು ನಾಲ್ಕು ಡೈಲಾಗ್ ಹೊಡೆದು ಹೋಗುವುದು. ಎಷ್ಟೋ ಊರಲ್ಲಿ ಗಂಡಸರೇ ಸೀರೆ ಉಟ್ಟುಕೊಂಡು ಮಾಡಿಬಿಡುತ್ತಾರೆ. ನನಗೆ ಬೇಡ ಅನ್ನಿಸಿತು. ಇಲ್ಲ ಮೇಷ್ಟ್ರೇ ಅಂದೆ.

ಅದು 2020ರ ಫೆಬ್ರವರಿ. ಮುಂದಿನ ತಿಂಗಳೇ ಲಾಕ್‌ಡೌನ್. ಶಿವರಾತ್ರಿ ಕಳೆದ ಮೇಲೆ ನಮಗೆ ಕೈತುಂಬ ನಾಟಕ ಇರುವ ಕಾಲ, ಒಂದೂ ಆಗಲಿಲ್ಲ. ಮನೆಯಲ್ಲಿ ಕೂತು ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದೆ. ಮಾರ್ಚ್ 28ರಿಂದ ದೂರದರ್ಶನದಲ್ಲಿ ರಾಮಾನಂದ ಸಾಗರ್ ಅವರ ರಾಮಾಯಣವನ್ನು ಮತ್ತೆ ಹಾಕೋಕೆ ಶುರು ಮಾಡಿದರು, ಬೆಳಗ್ಗೆ 9ಕ್ಕೆ ಒಂದು ಸಲ, ರಾತ್ರಿ 9ಕ್ಕೆ ಒಂದು ಸಲ. ಸೂಜಿ ಕೈಯಲ್ಲಿ ಹಿಡಿದುಕೊಂಡೇ ನೋಡುತ್ತಿದ್ದೆ. ಮಂಥರೆ ಬಂದಳು. ಸೂಜಿ ಕೆಳಗಿಟ್ಟೆ.

ಆ ಮುಖ ನನಗೆ ಮರೆತಿರಲೇ ಇಲ್ಲ. 1987ರಲ್ಲಿ ಮೊದಲ ಸಲ ಬಂದಾಗ ನಾನು ಎಂಟು ವರ್ಷದ ಹುಡುಗಿ. ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ನಮ್ಮೂರಿನಲ್ಲಿ ಟಿ.ವಿ. ಇದ್ದ ಒಂದೇ ಮನೆಯ ಪಡಸಾಲೆ ತುಂಬಿ ಹೋಗುತ್ತಿತ್ತು. ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ, ಕಥೆ ಎಲ್ಲರಿಗೂ ಬಾಯಲ್ಲೇ ಇತ್ತು. ರಾಮ ಬಂದಾಗ ಕೈ ಮುಗಿಯುತ್ತಿದ್ದ ನಮ್ಮಜ್ಜಿ, ಮಂಥರೆ ಬಂದಾಗ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಆ ಮುದುಕಿ ಮುಖ ನೋಡಬಾರದು ಅಂತ. ನಾವು ಮಕ್ಕಳು ಒಬ್ಬರ ಹಿಂದೆ ಒಬ್ಬರು ಅಡಗಿಕೊಂಡು ನೋಡುತ್ತಿದ್ದೆವು. ಬಾಗಿದ ಬೆನ್ನು, ಸುಕ್ಕು ಮುಖ, ಒಂದು ಕಣ್ಣು ಸಣ್ಣದು. ಅದೇ ಕಣ್ಣಲ್ಲಿ ನಮ್ಮನ್ನೇ ನೋಡುತ್ತಿದ್ದಾಳೇನೋ ಅನ್ನಿಸುತ್ತಿತ್ತು.

ಅವರ ಹೆಸರು ಲಲಿತಾ ಪವಾರ್ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಲಾಕ್‌ಡೌನ್‌ನಲ್ಲಿ ಪುರುಸೊತ್ತಾಗಿ ಅವರ ಬಗ್ಗೆ ಹುಡುಕಿ ಓದಿದೆ. ನಾಸಿಕ್ ಹತ್ತಿರದ ಯೇವಲಾದಲ್ಲಿ 1916ರಲ್ಲಿ ಹುಟ್ಟಿದವರು. ಮೂಕಿ ಸಿನಿಮಾಗಳ ಕಾಲಕ್ಕೇ ಚಿಕ್ಕ ಹುಡುಗಿಯಾಗಿ ಬಣ್ಣ ಹಚ್ಚಿದ್ದರು. ಆಮೇಲೆ ಹೀರೋಯಿನ್ ಆದರು. 1942ರಲ್ಲಿ ಒಂದು ಸಿನಿಮಾ ಶೂಟಿಂಗ್‌ನಲ್ಲಿ ಕೆನ್ನೆಗೆ ಹೊಡೆಯುವ ಸೀನು. ಜೊತೆ ನಟ ಭಗವಾನ್ ಅವರ ಏಟು ಲೆಕ್ಕ ತಪ್ಪಿ ಜೋರಾಗಿ ಬಿತ್ತು. ಮುಖದ ಒಂದು ಭಾಗಕ್ಕೆ ಲಕ್ವ ಹೊಡೆದ ಹಾಗಾಯಿತು, ಎಡಗಣ್ಣಿನ ನರ ಒಡೆಯಿತು. ಮೂರು ವರ್ಷ ಚಿಕಿತ್ಸೆ. ಕಣ್ಣು ಮೊದಲಿನ ಹಾಗೆ ಆಗಲೇ ಇಲ್ಲ. ಇಪ್ಪತ್ತಾರನೇ ವಯಸ್ಸಿಗೆ ಹೀರೋಯಿನ್ ಪಾರ್ಟು ಮುಗಿದು ಹೋಯಿತು ಅಂದರೆ ಹೇಗಾಗಿರಬೇಕು ಹೇಳಿ. ಅವರು ಮನೆ ಸೇರಲಿಲ್ಲ. ಅತ್ತೆ ಪಾರ್ಟು, ಅಮ್ಮನ ಪಾರ್ಟು, ಕೆಟ್ಟ ಹೆಂಗಸಿನ ಪಾರ್ಟು, ಯಾವುದು ಬಂತೋ ಅದನ್ನು ಮಾಡಿದರು. ಸಾಗರ್ ಅವರು ಮಂಥರೆಗೆ ಕರೆದಾಗ ಅವರಿಗೆ ಎಪ್ಪತ್ತರ ಹತ್ತಿರ. ಇಡೀ ದೇಶ ಆ ಮಂಥರೆಯನ್ನು ನೋಡಿತು.

ಸೀತೆ ಕೈತಪ್ಪಿದ್ದಕ್ಕೆ ನಲವತ್ತೊಂದಕ್ಕೆ ನಾನು ಒಳಗೊಳಗೆ ಸಂಕಟ ಪಡುತ್ತಿದ್ದೆ. ಅವತ್ತು ರಾತ್ರಿಯೇ ಮೇಷ್ಟ್ರಿಗೆ ಫೋನ್ ಮಾಡಿ, ಮುಂದೆ ಯಾವತ್ತು ನಾಟಕ ಆದರೂ ಮಂಥರೆ ನನಗೇ ಇರಲಿ ಅಂದೆ. ಆದರೆ ನಗಿಸೋದಿಲ್ಲ ಮೇಷ್ಟ್ರೇ ಅಂತಲೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಯ್ತಮ್ಮ ನೋಡೋಣ ಅಂದರು.

ಮತ್ತೆ ಸ್ಟೇಜ್ ಹತ್ತಿದ್ದು 2022ರಲ್ಲಿ. ಅಲ್ಲಿವರೆಗೆ ಮನೆಯಲ್ಲೇ ಅಭ್ಯಾಸ. ಮಂಥರೆ ಬರುವ ಭಾಗವನ್ನು ಮೊಬೈಲಿನಲ್ಲಿ ಹಾಕಿಕೊಂಡು ದನಿ ಬಂದ್ ಮಾಡಿ ನೋಡುತ್ತಿದ್ದೆ. ದನಿ ಇದ್ದರೆ ಕಥೆ ಹಿಂದೆ ಹೋಗಿಬಿಡುತ್ತೇವೆ. ದನಿ ಇಲ್ಲದಿದ್ದರೆ ಮೈ ಕಾಣುತ್ತೆ. ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ. ನಾವು ಹಳ್ಳಿ ನಾಟಕದವರಿಗೆ ಹಿಂದಿನ ಸಾಲಿನವರೆಗೂ ಕಾಣಬೇಕು ಅಂತ ಎಲ್ಲವನ್ನೂ ಜಾಸ್ತಿ ಮಾಡಿ ಅಭ್ಯಾಸ. ಅವರು ಕ್ಯಾಮೆರಾ ಹತ್ತಿರ ಮಾಡಿದ್ದನ್ನು ಹಾಗೇ ತಂದರೆ ನಮ್ಮಲ್ಲಿ ಕಾಣೋದಿಲ್ಲ. ಹಾಗಾಗಿ ಏನನ್ನು ತರಬಹುದು, ಏನನ್ನು ಬಿಡಬೇಕು ಅಂತ ಯೋಚನೆ ಮಾಡೋಕೇ ತಿಂಗಳುಗಳು ಹಿಡಿದವು.

ಮೊದಲು ನಾನು ಮಾಡಿದ ತಪ್ಪು, ಆ ಕಣ್ಣನ್ನು ಕಲಿಯಹೊರಟಿದ್ದು. ಕನ್ನಡಿ ಮುಂದೆ ನಿಂತು ಎಡಗಣ್ಣು ಅರ್ಧ ಮುಚ್ಚಿ ಡೈಲಾಗ್ ಹೇಳುತ್ತಿದ್ದೆ. ನಾಲ್ಕೈದು ದಿನ ಆದಮೇಲೆ ಒಂದು ಸಲ ಕನ್ನಡಿಯಲ್ಲಿ ನನ್ನನ್ನು ನಾನೇ ನೋಡಿ ಮೈ ಜುಮ್ಮೆಂದಿತು. ಅದು ಅವರಿಗೆ ಆದ ಪೆಟ್ಟು. ಅಭಿನಯ ಅಲ್ಲ. ಅವರು ಆ ಕಣ್ಣಿನ ಜೊತೆ ಬದುಕಿದರು, ದುಡಿದರು. ನಾನು ಅದನ್ನು ಎರವಲು ತಂದು ತೋರಿಸುವುದು ಸರಿ ಅಲ್ಲ ಅನ್ನಿಸಿತು. ಅವತ್ತೇ ಬಿಟ್ಟೆ.

ಆಮೇಲೆ ಬೆನ್ನು. ಸೊಂಟದಿಂದ ಬಾಗಿದರೆ ಹತ್ತು ನಿಮಿಷಕ್ಕೇ ಉಸಿರು ಕಟ್ಟುತ್ತೆ, ದನಿ ಹೊಟ್ಟೆಯಲ್ಲೇ ಉಳಿಯುತ್ತೆ. ಇನ್ನೊಂದು ದೊಡ್ಡ ತೊಂದರೆ, ನಮ್ಮ ಸ್ಟೇಜ್‌ನಲ್ಲಿ ಮೈಕು ಮೇಲಿಂದ ನೇತಾಡುತ್ತಿರುತ್ತೆ. ನೆಟ್ಟಗೆ ನಿಂತವರ ದನಿ ಹಿಡಿಯುತ್ತೆ. ಬಾಗಿ ನೆಲ ನೋಡುತ್ತಾ ಮಾತಾಡಿದರೆ ಎದುರಿನ ನಾಲ್ಕು ಸಾಲು ಬಿಟ್ಟರೆ ಯಾರಿಗೂ ಕೇಳಿಸೋದಿಲ್ಲ. ಮಂಥರೆ ಮಾಡುವವರು ಕಿರುಚೋದು ಇದಕ್ಕೇ, ಆ ಕಿರುಚಾಟಕ್ಕೇ ಜನ ನಗೋದು. ನಾನು ಮಂಡಿಯನ್ನು ಸ್ವಲ್ಪ ಮಡಿಸಿ, ಎಡಭುಜ ಇಳಿಸಿ, ಕುತ್ತಿಗೆಯನ್ನು ಮಾತ್ರ ಓರೆಯಾಗಿ ಮೇಲೆತ್ತಿ ಮಾತಾಡೋದು ಅಭ್ಯಾಸ ಮಾಡಿಕೊಂಡೆ. ಹಳೇ ಕಾಟನ್ ಸೀರೆಯನ್ನು ಸುತ್ತಿ ಸುತ್ತಿ ಗೂನು ಮಾಡಿ ರವಿಕೆ ಒಳಗೆ ಕಟ್ಟಿಕೊಂಡೆ, ದಿಂಬು ಆದರೆ ಜಾರುತ್ತೆ. ಮುಖ ಹೀಗೆ ಓರೆಯಾದಾಗ ಒಂದು ಕಡೆಗೆ ಬೆಳಕು ಬೀಳುತ್ತೆ, ಇನ್ನೊಂದು ಕಡೆ ಕತ್ತಲಾಗುತ್ತೆ. ಕೈಕೇಯಿ ಮಾಡುವ ಹುಡುಗಿ ಮೊದಲ ದಿನ ಪ್ರಾಕ್ಟೀಸ್‌ನಲ್ಲಿ, ಅಕ್ಕಾ ನಿಮ್ಮ ಒಂದೇ ಕಣ್ಣು ಕಾಣ್ತಿದೆ ಅಂದಳು. ನಾನು ಬಿಟ್ಟದ್ದು ತಾನಾಗೇ ಬಂದು ಸೇರಿಕೊಂಡಿತ್ತು.

ಇನ್ನು ಮಂಥರೆಯ ಮನಸ್ಸು. ಅವಳಿಗೆ ಯಾಕೆ ಅಷ್ಟು ಉರಿ? ನಮ್ಮ ನಾಟಕದ ಪುಸ್ತಕದಲ್ಲಿ ಅವಳು ಸುಮ್ನೆ ಚಾಡಿಕೋರಿ. ಮೇಷ್ಟ್ರು ನನಗೆ ಕುವೆಂಪು ಅವರ ಶ್ರೀ ರಾಮಾಯಣ ದರ್ಶನಂ ತಂದುಕೊಟ್ಟರು. ಅದರಲ್ಲಿ ಮಂಥರೆಯ ಭಾಗದ ಹೆಸರೇ 'ಮಮತೆಯ ಸುಳಿ ಮಂಥರೆ'. ಎಲ್ಲ ಅರ್ಥ ಆಯಿತು ಅಂತ ಹೇಳೋದಿಲ್ಲ, ಹಳಗನ್ನಡದ ಮಾತುಗಳು ಜಾಸ್ತಿ, ಮೇಷ್ಟ್ರು ಬಿಡಿಸಿ ಹೇಳಬೇಕಾಯಿತು. ಆದರೆ ಆ ಮೂರು ಪದ ನನಗೆ ಸಾಕಾಗಿತ್ತು. ಇವಳು ಕೈಕೇಯಿಯನ್ನು ಎತ್ತಿ ಆಡಿಸಿದವಳು. ಕೈಕೇಯಿಯ ತವರಿನಿಂದ ಜೊತೆಗೆ ಬಂದವಳು. ಆ ಅರಮನೆಯಲ್ಲಿ ಅವಳದು ಅಂತ ಇರುವುದು ಕೈಕೇಯಿ ಒಬ್ಬಳೇ.

ಹಾಗೆ ಯೋಚನೆ ಮಾಡಿದಾಗ ಲಲಿತಾ ಪವಾರ್ ಅವರ ಇನ್ನೊಂದು ಪಾರ್ಟು ನೆನಪಾಯಿತು. 1959ರ ಅನಾರಿ ಸಿನಿಮಾದಲ್ಲಿ ಅವರು ಮನೆ ಬಾಡಿಗೆ ಕೊಡುವ ಮಿಸೆಸ್ ಡಿಸಾ. ಬೈಯುತ್ತಲೇ ಇರುತ್ತಾರೆ, ಆದರೆ ರಾಜ್ ಕಪೂರ್ ಮೇಲೆ ಜೀವ ಇಟ್ಟಿರುತ್ತಾರೆ. ಅದಕ್ಕೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಜನ ಅವರನ್ನು ಕೆಟ್ಟ ಅತ್ತೆ ಅಂತ ನೆನಪಿಟ್ಟುಕೊಂಡಿದ್ದಾರೆ, ನನಗೆ ಅದು ಅರ್ಧ ನ್ಯಾಯ ಅನ್ನಿಸುತ್ತೆ. ಗದರುವ ದನಿಯ ಒಳಗೇ ಅಕ್ಕರೆ ಇಡುವುದು ಅವರಿಗೆ ಬರುತ್ತಿತ್ತು. ನನ್ನ ಮಂಥರೆಗೆ ಬೇಕಾದದ್ದು ಅದೇ. ಕೈಕೇಯಿಗೆ ವಿಷ ತುಂಬುವ ಡೈಲಾಗನ್ನೆಲ್ಲ, ಮಗಳಿಗೆ ಹುಷಾರು ಹೇಳುವ ತಾಯಿಯ ಹಾಗೆ ಹೇಳಿ ನೋಡಿದೆ. ಮಾತು ಒಂದೂ ಬದಲಾಯಿಸಲಿಲ್ಲ. ಮಧ್ಯೆ ಮಧ್ಯೆ ಅವಳ ತಲೆಗೂದಲು ಸರಿ ಮಾಡುತ್ತಿದ್ದೆ, ಅಷ್ಟೇ. ಪ್ರಾಕ್ಟೀಸ್ ನೋಡುತ್ತಿದ್ದ ದಶರಥನ ಪಾರ್ಟಿನವರು, ಆವಾಗಿಗಿಂತ ಈಗ ಜಾಸ್ತಿ ಭಯ ಆಗುತ್ತೆ ಕಣಮ್ಮ ಅಂದರು.

ಹಾರದ ವಿಷಯ ಹೇಳಲೇಬೇಕು. ರಾಮನಿಗೆ ಪಟ್ಟಾಭಿಷೇಕ ಅಂತ ಮಂಥರೆ ಸುದ್ದಿ ತಂದಾಗ ಕೈಕೇಯಿ ಖುಷಿಯಾಗಿ ಮೈಮೇಲಿನ ಒಡವೆ ಬಿಚ್ಚಿ ಕೊಡುತ್ತಾಳೆ, ಮಂಥರೆ ಅದನ್ನು ಎಸೆಯುತ್ತಾಳೆ. ವಾಲ್ಮೀಕಿಯಲ್ಲೂ ಹಾಗೇ ಇದೆ. ಮೊದಲ ಪ್ರದರ್ಶನದಲ್ಲಿ ನಾನು ಬೀಸಿ ಎಸೆದೆ. ದಾರ ಕಿತ್ತುಹೋಗಿ ಮಣಿಗಳೆಲ್ಲ ಹಲಗೆ ಮೇಲೆ ಚೆಲ್ಲಾಪಿಲ್ಲಿ. ಮುಂದಿನ ಸೀನಿನಲ್ಲಿ ದಶರಥನ ಕಾಲು ಜಾರಿತು, ಪುಣ್ಯಕ್ಕೆ ಬೀಳಲಿಲ್ಲ. ಡ್ರೆಸ್‌ನವರು ಹಾರದ ದುಡ್ಡು ಹಿಡಿದುಕೊಂಡರು. ಅದಕ್ಕಿಂತ ನನಗೆ ಬೇಜಾರಾಗಿದ್ದು ಜನ ನಕ್ಕಿದ್ದು. ನನ್ನ ಮಂಥರೆ ಅಷ್ಟು ಹೊತ್ತು ಕಟ್ಟಿದ್ದೆಲ್ಲ ಒಂದು ಎಸೆತಕ್ಕೆ ಹಳೇ ಮಂಥರೆ ಆಗಿಹೋಯಿತು.

ಮುಂದಿನ ಸಲ ಎಸೆಯಲಿಲ್ಲ. ಹಾರವನ್ನು ಕೈಗೆ ತೆಗೆದುಕೊಂಡೆ. ಕುತ್ತಿಗೆ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಕೈಕೇಯಿ ಮುಖ ನೋಡುತ್ತಾ ಬೆರಳು ಸಡಿಲ ಬಿಟ್ಟೆ. ಹಾರ ಕಾಲ ಬುಡಕ್ಕೆ ಜಾರಿ ಬಿತ್ತು. ಕೆಳಗೆ ನೋಡಲೇ ಇಲ್ಲ. ಹೊತ್ತು ರಾತ್ರಿ ಒಂದು ದಾಟಿತ್ತು, ಕಳ್ಳೇಕಾಯಿ ಮಾರುವವನ ದನಿ ಕೂಡ ನಿಂತಿತ್ತು. ತಬಲದವರು ಅಲ್ಲಿ ಒಂದು ಪೆಟ್ಟು ಹಾಕಬೇಕಿತ್ತು, ಹಾಕಲಿಲ್ಲ. ಆಮೇಲೆ ಕೇಳಿದ್ದಕ್ಕೆ, ಕೈ ಬರಲಿಲ್ಲ ಅಕ್ಕಾ ಅಂದರು. ಈಗ ಎಲ್ಲಾ ಕಡೆ ಅಲ್ಲಿ ತಬಲ ಇಲ್ಲದೆಯೇ ಮಾಡುತ್ತೇವೆ.

ಇನ್ನೊಂದು ಹಟ ಮಾಡಿದೆ. ಸಾಮಾನ್ಯವಾಗಿ ನಮ್ಮ ನಾಟಕಗಳಲ್ಲಿ ಕೈಕೇಯಿ ವರ ಕೇಳಿದ ಮೇಲೆ ಮಂಥರೆ ಕಾಣೋದೇ ಇಲ್ಲ, ಬಣ್ಣ ಅಳಿಸಿಕೊಂಡು ಬಸ್ಸಿಗೆ ಕಾಯುವುದೇ. ಆದರೆ ಭರತ ಬಂದ ಮೇಲೆ ಶತ್ರುಘ್ನ ಅವಳನ್ನು ಹಿಡಿದು ಎಳೆದಾಡುವ ಪ್ರಸಂಗ ಇದೆ ಅಲ್ವಾ, ಅದನ್ನು ಹಾಕಿಸಿ ಅಂತ ಮೇಷ್ಟ್ರ ಬೆನ್ನು ಬಿದ್ದೆ. ಐದೇ ನಿಮಿಷ. ಬೆಳಗಿನ ಜಾವ ಆಗಿಬಿಡುತ್ತೆ ಕಣಮ್ಮ ಅಂದರು. ಕೊನೆಗೆ ಒಪ್ಪಿದರು. ಶತ್ರುಘ್ನನ ಪಾರ್ಟಿನವನು ಊರಿನ ಹುಡುಗ, ಡಿಗ್ರಿ ಓದುತ್ತಿದ್ದ. ನನ್ನ ಕೈ ಹಿಡಿಯೋಕೇ ಹೆದರುತ್ತಿದ್ದ, ಅಕ್ಕಾ ನೋವಾಗುತ್ತೆ ಅಂತ. 1942ರ ಆ ಏಟು ನನ್ನ ತಲೆಯಲ್ಲಿ ಇದ್ದೇ ಇತ್ತು. ಹಾಗಾಗಿ ಒಂದು ವಾರ ಅದೊಂದನ್ನೇ ಅಭ್ಯಾಸ ಮಾಡಿದೆವು. ಅವನು ನನ್ನ ರಟ್ಟೆ ಹಿಡಿಯುತ್ತಾನೆ, ಬಲ ಹಾಕುವುದಿಲ್ಲ. ನಾನೇ ಎರಡು ಹೆಜ್ಜೆ ಎಳೆಸಿಕೊಂಡ ಹಾಗೆ ಹೋಗಿ, ಮಂಡಿ ಊರಿ, ಪಕ್ಕಕ್ಕೆ ಬೀಳುತ್ತೇನೆ. ಕೋಲು ಉರುಳಿ ಹೋಗುತ್ತೆ. ಹೊಸ ಹುಡುಗರು ಇದನ್ನು ಓದುತ್ತಿದ್ದರೆ ದಯವಿಟ್ಟು ಇದನ್ನು ಮರೀಬೇಡಿ, ಸ್ಟೇಜ್ ಮೇಲೆ ಏಟು ತಿನ್ನುವವರೇ ಏಟನ್ನು ನಡೆಸಬೇಕು, ಕೊಡುವವರು ಬರೀ ಜೊತೆಗಿರಬೇಕು.

ಹೆಣ್ಣನ್ನು ಕೊಲ್ಲಬಾರದು ಅಂತ ಭರತ ತಡೆಯುತ್ತಾನೆ, ಇಬ್ಬರೂ ಹೊರಟು ಹೋಗುತ್ತಾರೆ. ಅಲ್ಲಿಗೆ ಪರದೆ ಬೀಳಬೇಕು. ವಾಲ್ಮೀಕಿಯಲ್ಲಿ ಮಂಥರೆ ಹೆದರಿ ಕೈಕೇಯಿಯ ಕಾಲ ಹತ್ತಿರ ಹೋಗುತ್ತಾಳೆ, ಕೈಕೇಯಿ ಅವಳನ್ನು ಮೆಲ್ಲಗೆ ಸಮಾಧಾನ ಮಾಡುತ್ತಾಳೆ ಅಂತ ಮೇಷ್ಟ್ರು ಒಂದು ದಿನ ಓದಿ ಹೇಳಿದ್ದರು. ನಮ್ಮ ಪುಸ್ತಕದಲ್ಲಿ ಅದಕ್ಕೆ ಡೈಲಾಗ್ ಇರಲಿಲ್ಲ. ಮಾತಾಡಿಕೊಂಡೂ ಇರಲಿಲ್ಲ. ಅವತ್ತು ನಾನು ಹಲಗೆ ಮೇಲೆ ಹಾಗೇ ಬಿದ್ದಿದ್ದೆ, ಪರದೆ ಎಳೆಯುವವನು ತೂಕಡಿಸುತ್ತಿದ್ದನೋ ಏನೋ, ಪರದೆ ಬರಲಿಲ್ಲ. ಜನ ನೋಡುತ್ತಿದ್ದಾರೆ. ಕೈಕೇಯಿ ಹುಡುಗಿ ಮೂಲೆಯಲ್ಲಿ ನಿಂತಿದ್ದವಳು ನಿಧಾನಕ್ಕೆ ನಡೆದು ಬಂದಳು. ಉರುಳಿ ಹೋಗಿದ್ದ ಕೋಲನ್ನು ಎತ್ತಿಕೊಂಡಳು. ನನ್ನ ಪಕ್ಕ ಕೂತು, ಬೆರಳು ಬಿಡಿಸಿ, ಕೋಲನ್ನು ಕೈಯಲ್ಲಿ ಇಟ್ಟು ಮುಚ್ಚಿದಳು. ಕಣ್ಣಿನ ಮೇಲೆ ಬಿದ್ದಿದ್ದ ನನ್ನ ಕೂದಲನ್ನು, ನಾನು ಮೊದಲ ಸೀನಿನಲ್ಲಿ ಅವಳಿಗೆ ಮಾಡಿದ ಹಾಗೇ ಸರಿ ಮಾಡಿದಳು. ಆಮೇಲೆ ಪರದೆ ಬಿತ್ತು.