ವಿದೇಶದಿಂದ ಮನೆ ಸಾಮಾನು ತರುವುದು: ಮೊದಲು ಪಟ್ಟಿ, ಆಮೇಲೆ ಪೆಟ್ಟಿಗೆ

ವಿದೇಶದ ಮನೆ ಖಾಲಿ ಮಾಡಿ ಊರಿಗೆ ಹೊರಟವರು ಮೊದಲು ವಿಚಾರಿಸುವುದು ಸಾಗಣೆಗೆ ಎಷ್ಟಾಗುತ್ತೆ ಅಂತ. ಅದಕ್ಕೂ ಮುಂಚೆ ಒಂದು ನೋಟ್‌ಬುಕ್ ಹಿಡಿದು ಒಂದೊಂದೇ ಕೋಣೆಗೆ ಹೋಗಿ, ತರಬೇಕಾದ್ದನ್ನೆಲ್ಲ ಬರೆಯಿರಿ. ದರ ಕೇಳುವುದಕ್ಕೆ, ವಿಮೆಗೆ, ಕಸ್ಟಮ್ಸ್‌ಗೆ, ಕೊನೆಗೆ ಮನೆ ಬಾಗಿಲಲ್ಲಿ ಎಣಿಸಿಕೊಳ್ಳುವುದಕ್ಕೆ ಬೇಕಾಗುವುದು ಇದೇ ಪಟ್ಟಿ.

ಬರೆಯುವಾಗಲೇ ಬೇಡದ್ದನ್ನು ಕೈಬಿಡಿ. ಹಡಗಿನಲ್ಲಿ ಮನೆ ಸಾಮಾನಿಗೆ ಸಾಮಾನ್ಯವಾಗಿ ಜಾಗದ ಲೆಕ್ಕ, ತೂಕದ್ದಲ್ಲ. 20 ಅಡಿ ಕಂಟೇನರಿನ ಒಳಗೆ ಸುಮಾರು 33 ಘನ ಮೀಟರ್ ಜಾಗವಿರುತ್ತದೆ. ಅಷ್ಟು ಸಾಮಾನಿಲ್ಲವೆಂದರೆ ಬೇರೆಯವರ ಜೊತೆ ಕಂಟೇನರ್ ಹಂಚಿಕೊಳ್ಳಬಹುದು. ಖರ್ಚು ಕಡಿಮೆ, ಆದರೆ ಅದು ತುಂಬುವವರೆಗೆ ಕಾಯಬೇಕು.

ಕರೆಂಟಿನ ಸಾಮಾನಿನ ಹಿಂದಿರುವ ಚೀಟಿ ಓದಿ. ‘100–240 ವೋಲ್ಟ್, 50/60 ಹರ್ಟ್ಸ್’ ಅಂತಿದ್ದರೆ ಪ್ಲಗ್ ಬದಲಿಸಿದರೆ ಸಾಕು. ಬರೀ ‘120 ವೋಲ್ಟ್, 60 ಹರ್ಟ್ಸ್’ ಇರುವ ವಾಷಿಂಗ್ ಮೆಷಿನ್ನನ್ನು 230 ವೋಲ್ಟ್, 50 ಹರ್ಟ್ಸ್ ಇರುವ ದೇಶಕ್ಕೆ ಹೊರುವುದು ಸುಮ್ನೆ ದಂಡ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಹರ್ಟ್ಸ್ ಅಂದರೆ ಕರೆಂಟಿನ ಆವರ್ತನವನ್ನು ಬದಲಿಸುವುದಿಲ್ಲ. ಅಲ್ಲೇ ಮಾರಿಬಿಡಿ.

ಬಳಸಿದ ಮನೆ ಸಾಮಾನಿಗೆ ಹಲವು ದೇಶಗಳಲ್ಲಿ ಸುಂಕದ ವಿನಾಯಿತಿ ಇದೆ. ಎಷ್ಟು ಕಾಲ ಹೊರಗಿದ್ದಿರಿ, ಸಾಮಾನು ಎಷ್ಟು ಹಳೆಯದು, ನೀವು ಬಂದ ಎಷ್ಟು ದಿನದೊಳಗೆ ಅದು ಬರಬೇಕು ಎಂಬ ಷರತ್ತುಗಳಿರುತ್ತವೆ. ಬುಕಿಂಗ್‌ಗೆ ಮೊದಲೇ ಕಸ್ಟಮ್ಸ್ ಇಲಾಖೆಯ ನಿಯಮ ಓದಿಕೊಳ್ಳಿ. ಹೊಸ ಸಾಮಾನಿನ ಬಿಲ್ ಜೋಪಾನ.

ಇನ್ನು ಪ್ಯಾಕಿಂಗ್. ಪುಸ್ತಕಕ್ಕೆ ಸಣ್ಣ ಪೆಟ್ಟಿಗೆ. ದೊಡ್ಡದಕ್ಕೆ ತುಂಬಿದರೆ ಎತ್ತುವಾಗ ತಳ ಕಿತ್ತು ಬರುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಕಾಗದ ಸುತ್ತಿ ನಿಲ್ಲಿಸಿ. ಸಮುದ್ರದ ಮೇಲೆ ಬಿಸಿ–ತಂಪು ಬದಲಾದಂತೆ ಕಂಟೇನರ್ ಒಳಗೆ ನೀರು ಹನಿಯುವುದುಂಟು. ಹಾಗಾಗಿ ಫ್ರಿಡ್ಜನ್ನು ಪೂರ್ತಿ ಒಣಗಿಸಿ, ಬಟ್ಟೆ ಪೆಟ್ಟಿಗೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನೀವೇ ಕಟ್ಟಿದ ಪೆಟ್ಟಿಗೆಯಲ್ಲಿ ಏನಾದರೂ ಒಡೆದರೆ ಎಷ್ಟೋ ವಿಮೆಗಳು ಹಣ ಕೊಡುವುದಿಲ್ಲ. ಗಾಜು, ಪಿಂಗಾಣಿಯನ್ನು ಪ್ಯಾಕರ್‌ಗಳಿಗೇ ಬಿಡುವುದು ಒಳ್ಳೆಯದು, ಅಲ್ವಾ?

ಪ್ರತಿ ಪೆಟ್ಟಿಗೆಗೂ ನಂಬರ್ ಹಾಕಿ, ಪಟ್ಟಿಯಲ್ಲಿ ಹೀಗೆ ಬರೆಯಿರಿ: ‘14 – ಅಡುಗೆಮನೆ, ಸ್ಟೀಲ್ ಪಾತ್ರೆ 6, ಚಾಕು 4, ಬಳಸಿದ್ದು.’ ‘ಇತರೆ ಸಾಮಾನು’ ಅಂತ ಬರೆದ ಪೆಟ್ಟಿಗೆಯನ್ನೇ ಕಸ್ಟಮ್ಸ್‌ನವರು ಬಿಚ್ಚಿ ನೋಡುವ ಸಾಧ್ಯತೆ ಜಾಸ್ತಿ. ಗ್ಯಾಸ್ ಸಿಲಿಂಡರ್, ಪೇಂಟ್, ಪವರ್ ಬ್ಯಾಂಕ್, ಬೀಜ, ಗಿಡ ಬೇಡ. ಪಾಸ್‌ಪೋರ್ಟ್, ಸರ್ಟಿಫಿಕೇಟ್, ಒಡವೆ, ಔಷಧಿ ನಿಮ್ಮ ಕೈಚೀಲದಲ್ಲೇ ಇರಲಿ.

ಹಡಗು ಕಂಪನಿ ಸಾಮಾನಿಗೆ ಕೊಡುವ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್‌ನಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇದೆಯಾ ನೋಡಿ. ಬಂದರಿನಲ್ಲಿ ಸಾಮಾನನ್ನು ಬಿಟ್ಟಿಯಾಗಿ ಇಡಲು ಸಿಗುವುದು ಕೆಲವೇ ದಿನ, ಆಮೇಲೆ ದಿನದ ಲೆಕ್ಕದಲ್ಲಿ ಡೆಮರೇಜ್, ಅಂದರೆ ತಡವಾದದ್ದಕ್ಕೆ ಶುಲ್ಕ, ಏರುತ್ತದೆ. ಆದ್ದರಿಂದ ಹಡಗಿಗಿಂತ ಮೊದಲು ನೀವು ತಲುಪಿರಬೇಕು. ಸಾಮಾನು ಮನೆಗೆ ಬಂದಾಗ ನಂಬರ್ ಒಂದೊಂದನ್ನೇ ಪಟ್ಟಿಯಲ್ಲಿ ಗುರುತು ಹಾಕಿ. ಪೆಟ್ಟಿಗೆ ಹರಿದಿದ್ದರೆ, ಒದ್ದೆಯಾಗಿದ್ದರೆ ಫೋಟೊ ತೆಗೆದು, ರಸೀದಿಯಲ್ಲೇ ಅದನ್ನು ಬರೆದು, ಆಮೇಲೆ ಸಹಿ ಹಾಕಿ.